ಅಕ್ಕ ಬಿಟ್ಟುಕೊಟ್ಟ ಮದ್ದು

ನಗದಿದ್ದಾಗಲೂ ಅಕ್ಕನ ಎಡಗೆನ್ನೆಯಲ್ಲಿ ಒಂದು ಗುಳಿ ಇರುತ್ತಿತ್ತು. ಕಾಯಿಲೆಯಿಂದ ಮುಖ ಇಳಿದುಹೋದ ಮೇಲೂ ಅದು ಹಾಗೇ ಉಳಿದಿತ್ತು. ಅರವತ್ತರ ದಶಕದ ಕೊನೆಯಲ್ಲಿ, ಆಗುಂಬೆ ಘಾಟಿಯ ಕೆಳಗಿನ ಒಂದು ಆಸ್ಪತ್ರೆಯಲ್ಲಿ ನಮ್ಮಿಬ್ಬರ ಮಂಚಗಳು ಅಕ್ಕಪಕ್ಕ. ಅವಳು ಸಾಗರದವಳು, ನಾನು ತೀರ್ಥಹಳ್ಳಿ ಕಡೆಯವಳು. ನೆಂಟಸ್ತಿಕೆ ಏನೂ ಇಲ್ಲ, ಅಕ್ಕ ಎಂದು ನಾನೇ ಕರೆದದ್ದು. ಕಾಯಿಲೆ ಮಾತ್ರ ಒಂದೇ.

ಇಬ್ಬರೂ ಬಸಿರಾಗಿದ್ದೆವು. ಆದರೆ ಒಳಗೆ ಬೆಳೆದದ್ದು ಮಗುವಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು. ಅವನ್ನು ತೆಗೆದ ಮೇಲೂ ಬೇರು ಉಳಿದು ಗಡ್ಡೆಯಾಗಿತ್ತು. ಅದು ಇದೆಯೋ ಹೋಯಿತೋ ತಿಳಿಯಲು, ಆಗಿನ ಬಸಿರು ಪರೀಕ್ಷೆಯ ಹಾಗೆ, ನಮ್ಮ ಮೂತ್ರವನ್ನು ಕಪ್ಪೆಗೆ ಚುಚ್ಚಿ ನೋಡುತ್ತಿದ್ದರು. "ಎಂತ ಹೇಳ್ತಂತೆ ನಿನ್ನ ಕಪ್ಪೆ?" ಎಂದು ಕೇಳಿ ಅಕ್ಕ ಇಡೀ ವಾರ್ಡನ್ನು ನಗಿಸುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ ಮಲಗಿದರೆ ಗಂಜಿ ಲೋಟ ಹಿಡಿದು ಬಂದು, "ಏಳು ಮಾರಾಯ್ತಿ, ಅತ್ರೆ ಹೊಟ್ಟೆ ತುಂಬ್ತದಾ?" ಎಂದು ಗದರುತ್ತಿದ್ದಳು.

ಹೊಸ ಮಾತ್ರೆ ಬೊಂಬಾಯಿಯಿಂದ ಬರಬೇಕಿತ್ತು. ಬಂದಾಗ ಒಬ್ಬರಿಗೆ ಸಾಕಾಗುವಷ್ಟೇ ಇತ್ತು. ಮೊದಲು ಸೇರಿದವಳು ಅಕ್ಕ, ಸರದಿ ಅವಳದು. ಡಾಕ್ಟರಮ್ಮ ಬಂದಾಗ ಎದ್ದು ಕೂತಳು.

"ಇವ್ಳಿಗೆ ಕೊಡಿ ಡಾಕ್ಟ್ರಮ್ಮ. ನಂಗೆ ಮನೇಲಿ ಮಗ್ಳಿದಾಳೆ. ಇವ್ಳಿಗಿನ್ನೂ ಯಾರೂ ಇಲ್ಲ."

"ಇದು ಬಸ್ಸಿನ ಸೀಟಲ್ಲಮ್ಮ," ಎಂದು ಡಾಕ್ಟರಮ್ಮ ಸಿಟ್ಟಾದರು.

"ನಾನು ಗಟ್ಟಿ ಇದೀನಿ. ಮುಂದಿನ ಸಲದ್ದು ತಗೊಳ್ತೀನಿ." ಅಕ್ಕ ಹಟ ಬಿಡಲಿಲ್ಲ.

ನಾನು ಬೇಡವೆಂದೆ. ಹಾಗೆನ್ನುವಾಗಲೇ ಒಳಗೆ ಆಸೆ ಜಿಗಿದದ್ದು ನನಗೆ ಗೊತ್ತು.

ಕೊನೆಗೆ ಮಾತ್ರೆ ನುಂಗಿದ್ದು ನಾನೇ. ನನಗೆ ಗುಣವಾಯಿತು. ಅವಳಿಗೆ ಮದ್ದು ಸಿಕ್ಕಿದ್ದು ತಿಂಗಳ ಮೇಲೆ. ಮತ್ತೆ ಮತ್ತೆ ಕೊಟ್ಟರೂ, ಬೇರೆ ಇಂಜೆಕ್ಷನ್ ಹಾಕಿದರೂ ಗಡ್ಡೆ ಬಗ್ಗಲಿಲ್ಲ, ಶ್ವಾಸಕೋಶಕ್ಕೂ ಹರಡಿತು. ಸಾಗರದ ಮನೆಯಲ್ಲೇ ಅಕ್ಕ ತೀರಿಕೊಂಡಳು.

"ಕೆಲವರ ಗಡ್ಡೆ ಮೊದ್ಲಿಂದ್ಲೂ ಮದ್ದಿಗೆ ಜಗ್ಗೋದಿಲ್ಲ. ಆವಾಗ್ಲೇ ಕೊಟ್ಟಿದ್ರೂ ಹೀಗೇ ಆಗ್ತಿತ್ತೇನೋ," ಎಂದರು ಡಾಕ್ಟರಮ್ಮ, ನಾನು ತಪಾಸಣೆಗೆ ಹೋದಾಗ. ಆ 'ಏನೋ' ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಮಗ ಹುಟ್ಟಿದ. ಅವನನ್ನು ಎತ್ತಿಕೊಂಡು ಸಾಗರಕ್ಕೆ ಹೋದೆ. ಅಕ್ಕನ ಗಂಡ ಬಾಗಿಲಲ್ಲೇ, "ಕೊನೇವರೆಗೂ ಕೇಳ್ತಿದ್ಲು, ತಂಗಿಗೆ ಮಗು ಆಯ್ತಾ ಅಂತ," ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಅಕ್ಕನ ಮಗಳು ಓಡಿಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತಳು.

"ನಂಗೆ ಕೊಡ್ತೀರಾ ಚಿಕ್ಕಮ್ಮ? ಬೀಳ್ಸೋದಿಲ್ಲ."

ಮಗುವನ್ನು ಅವಳ ಮಡಿಲಲ್ಲಿಟ್ಟೆ. ಅವಳು ಮೆಲ್ಲಗೆ ಹಾಡು ಹೇಳತೊಡಗಿದಳು. ನಾನು ಅವಳ ಮುಖ ನೋಡಲಾರದೆ, ಮಗನ ಸಣ್ಣ ಪಾದಗಳನ್ನೇ ನೋಡುತ್ತ ಕೂತೆ.