ಸೂಜಿಗೆ ಮೊದಲು ತೋಳೊಡ್ಡಿದವಳು

ಗೋವಾದ ಪರ್ವರಿಯ ಶಾಲೆಗೆ ಸೂಜಿ ಚುಚ್ಚುವ ನರ್ಸ್ ಬಂದ ದಿನ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕನ್ನಡದವರ ಶೆಡ್ಡುಗಳ ಮಕ್ಕಳೆಲ್ಲ ಹಿಂದಿನ ಗೋಡೆ ಹಾರಿ ಗೇರುಗಿಡಗಳೊಳಗೆ ಅಡಗಿದ್ದರಂತೆ. ಅದು ಮರಾಠಿ ಶಾಲೆ. ಶಿಕ್ಷಕಿ ಕರೆದದ್ದು ಅರ್ಧ ಮಕ್ಕಳಿಗೆ ತಿಳಿಯಲಿಲ್ಲ, ತಿಳಿದವರಿಗೆ ಬರುವ ಮನಸ್ಸಿರಲಿಲ್ಲ. ಎರಡನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ತಾನೇ ಮೊದಲು ತೋಳೊಡ್ಡಿ ಚುಚ್ಚಿಸಿಕೊಂಡು, ಗಿಡಗಳ ಕಡೆ ತಿರುಗಿ ಕೂಗಿದಳಂತೆ: "ಬರ್ರೋ, ಇರುವಿ ಕಡದಂಗ ಅಕ್ಕೈತಿ ಅಷ್ಟ! ತಡಾ ಮಾಡಿ ಬಂದೋರಿಗೆ ದೊಡ್ಡ ಸೂಜಿ ಐತಂತ!" ದೊಡ್ಡ ಸೂಜಿಯ ಮಾತು ಅವಳೇ ಹುಟ್ಟಿಸಿದ್ದು. ಒಬ್ಬೊಬ್ಬರೇ ಹೊರಗೆ ಬಂದರು. ನರ್ಸ್ ಅವಳ ಕೈಗೆ ಹತ್ತಿ ಕೊಟ್ಟು ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಅಂದಿನಿಂದ ಶಾಲೆಯ ಔಷಧಿ ಡಬ್ಬಿ ಅವಳ ಕೈಗೆ ಬಂತು. ಮೊಣಕಾಲು ತರಚಿಕೊಂಡವರೆಲ್ಲ ಅವಳ ಬಳಿಗೇ. "ಅಪ್ಪಾ, ನಾ ನರ್ಸ್ ಆಗತೇನಿ" ಎಂದು ಆಗಲೇ ಶುರು ಮಾಡಿದ್ದಳು. ನಾನು ಮೂರನೆಯ ಇಯತ್ತೆ ಮುಗಿಸದೆ ಶಾಲೆ ಬಿಟ್ಟವನು. ಗೌಂಡಿ ಕೆಲಸ ಕಲಿತು ಗೋವಾಕ್ಕೆ ಬಂದೆ. ನಾನು ಕಟ್ಟಿದ ಗೋಡೆಗೆ ಇನ್ನೊಬ್ಬ ಬಂದು ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ಎಂದು ನೋಡುವ ಪ್ರಸಂಗ ಬಂದಿಲ್ಲ. ನನ್ನ ಮನೆಯಿಂದ ಒಬ್ಬಳು ಬಿಳಿ ಸೀರೆ ಉಟ್ಟು ದವಾಖಾನೆಯಲ್ಲಿ ನಿಲ್ಲುತ್ತಾಳೆಂದರೆ ನನಗೆ ಕಡಿಮೆ ಮಾತೇನಲ್ಲ.

ಶೆಡ್ಡುಗಳಿಗೆ ಸುದ್ದಿ ಹಬ್ಬಿತು. ನಮ್ಮ ಹೆಂಗಸರಿಗೆ ಕೊಂಕಣಿ ಬರದು, ದವಾಖಾನೆಯ ನರ್ಸಿಗೆ ಕನ್ನಡ ಬರದು. ಗಂಡಸರಿಗೆ ಕೆಲಸದ ಮೇಲೆ ಕೊಂಕಣಿ ರೂಢಿಯಾಗಿತ್ತು, ಆದರೆ ಹೆಂಗಸರ ಬೇನೆಯ ಮಾತನ್ನು ಗಂಡಸು ಆಡುವ ಪದ್ಧತಿ ನಮ್ಮಲ್ಲಿಲ್ಲ. ಗಂಡನಾದವನೂ ಹೊರಗೆ ಬೀಡಿ ಸೇದುತ್ತ ನಿಲ್ಲುತ್ತಿದ್ದ. ಹಾಗಾಗಿ ಬಸುರಿಯರು, ಬಾಣಂತಿಯರು ಓರಗೆಯ ಮಕ್ಕಳಿಂದ ಕೊಂಕಣಿ ಕಲಿತಿದ್ದ ನನ್ನ ಮಗಳನ್ನು ಶಾಲೆಯಿಂದಲೇ ಎಬ್ಬಿಸಿಕೊಂಡು ಹೋಗತೊಡಗಿದರು. "ಅಣ್ಣಾ, ಒಂದ್ ತಾಸ ಕಳಸೋ" ಎನ್ನುತ್ತಿದ್ದರು. ನಾನು ಎದೆಯುಬ್ಬಿಸಿಯೇ ಕಳಿಸುತ್ತಿದ್ದೆ.

ಅವಳು ಹೈಸ್ಕೂಲಿಗೆ ಹೋದ ಮೇಲೆ ಅಲ್ಲಿಯ ಶಿಕ್ಷಕರು ನನ್ನನ್ನು ಕರೆಸಿದರು. ನರ್ಸಿಂಗಿಗೆ ಹೋಗಬೇಕಾದರೆ ಹತ್ತನೆಯದರಲ್ಲಿ ಚೆನ್ನಾಗಿ ಪಾಸಾಗಬೇಕು, ಆಮೇಲೆ ಸೈನ್ಸ್ ಓದಬೇಕು, ಈ ಹುಡುಗಿ ತರಗತಿಯಲ್ಲೇ ಇರುವುದಿಲ್ಲವಲ್ಲ ಎಂದರು.

"ದವಾಖಾನ್ಯಾಗ ಕಲಿಯೋದೂ ಅದ ಅಲ್ಲೇನ್ರಿ ಸರ್?" ಎಂದೆ.

ಅಲ್ಲಿ ಗಣಿತ ಯಾರು ಕಲಿಸುತ್ತಾರೆ ಎಂದು ಕೇಳಿದರು.

ಬಂದವರಿಗೆ ಬೇಡ ಎಂದು ನೋಡಿದೆ. ನಾಲ್ಕು ಮಂದಿಗೆ ಬೇಡ ಎನ್ನುವುದರೊಳಗೆ "ಗೌಂಡಿಗೆ ಸೊಕ್ಕ ಬಂತು" ಎಂಬ ಮಾತು ನಳದ ಹತ್ತಿರ ಹುಟ್ಟಿತು. ಕಳಿಸಿದರೆ ಅದೇ ನಳದ ಹತ್ತಿರ ಬೇರೆ ಮಾತು: "ಎಲ್ಲಾರ ಹೊಟ್ಟಿಯೊಳಗಿಂದೂ ಗೊತ್ತೈತಿ ಆಕಿಗೆ. ಇಂಥಾಕಿನ್ನ ಯಾರ ಸೊಸಿ ಮಾಡ್ಕೊಂತಾರ?" ಹೆಂಡತಿ ಅರ್ಧ ಕೊಡ ನೀರಿನೊಂದಿಗೆ ಮನೆಗೆ ಬಂದು ಮೂಲೆ ಹಿಡಿದು ಕೂಡುತ್ತಿದ್ದಳು. ಬಿಟ್ಟು ಹೋಗೋಣವೆಂದರೆ ನಾವು ಮಲಗುತ್ತಿದ್ದ ಶೆಡ್ಡು ಸಂಬಂಧದಲ್ಲಿ ನನಗೆ ಅಣ್ಣನಾಗುವ ಮೇಸ್ತ್ರಿಯದು, ಕೆಲಸವೂ ಅವನದೇ.

ಹತ್ತನೆಯ ಪರೀಕ್ಷೆಯ ಸೈನ್ಸ್ ಪತ್ರಿಕೆಯ ದಿನ ಬೆಳಿಗ್ಗೆ ಬಾಗಿಲಿಗೆ ಬಂದವನು ಆ ಮೇಸ್ತ್ರಿಯೇ. ಸೊಸೆಗೆ ದಿನ ತುಂಬಿತ್ತು. ಮಗ ವಾಳಪೈ ಕಡೆ ಕೆಲಸಕ್ಕೆ ಹೋಗಿದ್ದ.

"ತಮ್ಮಾ, ಮಗಳ್ನ ಕಳಸು. ಬ್ಯಾನಿ ಸುರುವಾಗ್ಯಾವ."

"ಇವತ್ತ ಪರೀಕ್ಷಾ ಐತಿ ಅಣ್ಣಾ."

"ಪರೀಕ್ಷಾ ಮುಂದಿನ ವರ್ಷಾನೂ ಬರತೈತಿ. ಕೂಸು ನಿಂದ್ರತೈತೇನು?"

ಮಗಳು ಯೂನಿಫಾರ್ಮ್ ಹಾಕಿಕೊಂಡು ನನ್ನ ಹಿಂದೆ ನಿಂತಿದ್ದಳು. ಚೀಲ ಕೆಳಗಿಟ್ಟಳು. ಅದನ್ನು ಎತ್ತಿ ಅವಳ ಹೆಗಲಿಗೆ ಹಾಕಿ, "ಬಸ್ಸಿಗೆ ನಡಿಯವ್ವಾ" ಎಂದೆ. ಆಮೇಲೆ ಮೇಸ್ತ್ರಿಗೆ ಹೇಳಿದೆ: "ನಡಿ, ನಾನ ಬರತೇನಿ."

ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೇರೆ ದಾರಿ ಅವನಿಗೂ ಇರಲಿಲ್ಲ.

ದವಾಖಾನೆಯ ಕೋಣೆಯಲ್ಲಿ ಆ ಸೊಸೆ ಮುಖದ ತುಂಬ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಸಂಬಂಧದಲ್ಲಿ ನಾನು ಅವಳಿಗೆ ಸಣ್ಣ ಮಾವ. ಎದುರುಬದುರು ಒಂದು ಮಾತಾಡಿದವಳಲ್ಲ. ನಾನು ಬಾಗಿಲ ಚೌಕಟ್ಟು ನೋಡುತ್ತ ನಿಂತೆ. ನರ್ಸ್ ಕೊಂಕಣಿಯಲ್ಲಿ ಕೇಳಿದರು. ನಾನು ಚೌಕಟ್ಟಿನ ಮೊಳೆ ಎಣಿಸುತ್ತಿದ್ದೆ. ಮತ್ತೊಮ್ಮೆ ಕೇಳಿದರು, ಈ ಸಲ ಗದರಿಸಿ.

"ಯವ್ವಾ, ನೀರ ಹೋಗ್ಯಾವೇನಂತ ಕೇಳಾಕತ್ತಾರ."

ಸೊಸೆಯ ಪಕ್ಕ ಕೂತಿದ್ದ ಮೇಸ್ತ್ರಿಯ ಹೆಂಡತಿ ಎದ್ದೇ ಬಿಟ್ಟಳು. "ಅಯ್ಯಯ್ಯ, ಗಂಡಸಾಗಿ ಏನ ಕೇಳ್ತೀಯೋ! ನಾಚಿಕಿ ಇಲ್ಲೇನು?"

"ನಾ ಕೇಳಾಕತ್ತಿಲ್ಲ ವೈನಿ, ನರ್ಸ್‌ಬಾಯಿ ಕೇಳಾಕತ್ತಾರ."

ಹೊರಗೆ ಮೇಸ್ತ್ರಿ, ಒಳಗೆ ಅವನ ಹೆಂಡತಿ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಏಳು ವರ್ಷದವಳಿದ್ದಾಗಿನಿಂದ ನನ್ನ ಮಗಳು ನಿಲ್ಲುತ್ತಿದ್ದ ಜಾಗ ಇದು. ಕೊನೆಗೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು: "ನಿನ್ನಿನ ಹೋಗ್ಯಾವ್ರಿ ಮಾವಾರ. ಯಾರಿಗೂ ಹೇಳಿಲ್ರಿ."

ಕೊಂಕಣಿಯಲ್ಲಿ ಹೇಳಿದೆ. ನರ್ಸ್ ತಡಮಾಡಲಿಲ್ಲ. ನೀರು ಹೋಗಿ ಇಷ್ಟು ಹೊತ್ತಾದರೆ ಕೂಸಿಗೆ ಅಪಾಯವೆಂದು ಗಾಡಿ ಕರೆಸಿ ಮಾಪುಸಾದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ತಾಯಿ, ಕೂಸು ಇಬ್ಬರೂ ಉಳಿದರು.

ಮರುದಿನ ಕೆಲಸದ ಮೇಲೆ ಹುಡುಗನೊಬ್ಬ ಕೂಗಿದ: "ಏ ಸೂಲಗಿತ್ತಿ, ಸಿಮೆಂಟ್ ತಾರೋ!" ಎಲ್ಲರಿಗಿಂತ ಜಾಸ್ತಿ ನಕ್ಕವನು ಮೇಸ್ತ್ರಿ. ಆ ವಾರ ಗೌಂಡಿಯಾದ ನನ್ನನ್ನು ಬುಟ್ಟಿ ಹೊರಲು ಹಾಕಿದ. ಹೊತ್ತೆ. ಉಳಿದ ಪತ್ರಿಕೆಗಳ ದಿನ ಬಾಗಿಲಿಗೆ ಬಂದವರ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಾನೇ ನಿಂತೆ. ಕೆಲವರು ಬೈದುಕೊಂಡು ತಿರುಗಿ ಹೋದರು, ಕೆಲವರು ನನ್ನನ್ನೇ ಕರೆದುಕೊಂಡು ಹೋದರು.

ಮಗಳು ಪಾಸಾದಳು, ಸೈನ್ಸ್ ಓದಿದಳು, ನರ್ಸಿಂಗಿಗೆ ಸೇರಿ ಹಾಸ್ಟೆಲಿಗೆ ಹೋದಳು. ಬಾಗಿಲು ತಟ್ಟುವುದು ಮಾತ್ರ ನಿಲ್ಲಲಿಲ್ಲ. ನನ್ನ ಬದಲು ಕಳಿಸಲು ಮನೆಯಲ್ಲಿ ಕೊಂಕಣಿ ಬಲ್ಲವರು ಇನ್ಯಾರೂ ಇರಲಿಲ್ಲ. "ಅಣ್ಣಾ, ಇದ್ದೀಯೇನೋ?" ಎಂದು ಹೊರಗಿನಿಂದ ಹೆಂಗಸೊಬ್ಬಳು ಕರೆದರೆ, ಮರುದಿನ ಸಂಜೆ ಯಾರು ಏನು ಆಡಿಕೊಳ್ಳುತ್ತಾರೆಂದು ಗೊತ್ತಿದ್ದೂ, ಕೈಯ ಸಿಮೆಂಟು ತೊಳೆದುಕೊಂಡು ಅವಳ ಹಿಂದೆ ಹೊರಡುತ್ತಿದ್ದೆ.