ಗುಣಪಾಲನ ಗಾಜಿನ ಲೈನು

ನನಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಕಾಸರಗೋಡಿನ ಗಡಿಯ ನಮ್ಮ ವರ್ಕಾಡಿಯಲ್ಲಿ ಎಲ್ಲರಿಗೂ ಗೊತ್ತು. ಅಷ್ಟು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳಿಗೆ ಸಿಟ್ಟು ಬಾರದಿದ್ದರೆ ಮತ್ತೆ ಯಾರಿಗೆ ಬರಬೇಕು? ಹಾಗಿದ್ದೂ ಕಳೆದ ಬೇಸಿಗೆಯಲ್ಲಿ ಗುಣಪಾಲ ನನ್ನ ಜಗಲಿಗೆ ಬಂದು, ಮಂಗಳೂರಿನಿಂದ ಹೊಸ ವಯರು ತರಲಿಕ್ಕಿದೆ, ಇಂಗ್ಲಿಷ್ ಗೊತ್ತಿರುವವರು ಒಬ್ಬರು ಜತೆಗೆ ಬೇಕು ಎಂದಾಗ ನಾನು ಸುಮ್ಮನೆ ಸೀರೆ ಬದಲಾಯಿಸಿ ಹೊರಟೆ. ಆ ತಲೆನೋವು ಎಷ್ಟು ದೊಡ್ಡದೆಂದು ಮೊದಲೇ ಗೊತ್ತಿದ್ದರೆ ಮೊಣಕಾಲು ನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂರುತ್ತಿದ್ದೆ.

ಗುಣಪಾಲ ನಮ್ಮ ಬೈಲಿನ ಕೇಬಲ್ ಟಿವಿಯವನು. ರಸ್ತೆ ಹೋಗುವುದು ಮೇಲೆ ಗುಡ್ಡದ ಅಂಚಿನಲ್ಲಿ, ಮನೆಗಳು ಕೆಳಗೆ ಗದ್ದೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು. ಕಂಬ ಹಾಕಿ ಲೈನು ಎಳೆಯುವ ಜಾಗ ಇದಲ್ಲ. ಇವನು ಮೀಸೆ ಚಿಗುರುವ ಪ್ರಾಯದಲ್ಲೇ ಏಣಿ ಹೆಗಲಿಗೇರಿಸಿ, ಅಡಿಕೆ ಕಂಗಿನಿಂದ ತೆಂಗಿಗೆ, ತೆಂಗಿನಿಂದ ಹಲಸಿಗೆ ಕಪ್ಪು ವಯರು ಕಟ್ಟುತ್ತಾ ಇಡೀ ಬೈಲಿಗೆ ಟಿವಿ ಕೊಟ್ಟ. ತಮ್ಮ ತೋಟದಲ್ಲಿ ವಯರು ಹೋದದ್ದಕ್ಕೆ ಯಾರೂ ಬಾಡಿಗೆ ಕೇಳಲಿಲ್ಲ. ಅವನೂ ಯಾರ ಮನೆಯ ಫ್ಯಾನು ಕೆಟ್ಟರೂ, ಮಿಕ್ಸಿ ಸುಟ್ಟರೂ ನೋಡದೆ ಹೋಗುತ್ತಿರಲಿಲ್ಲ. ಅವನ ಮಾತು ನಮ್ಮಲ್ಲಿ ಕನ್ನಡ, ತನ್ನ ಮನೆಯಲ್ಲಿ ತುಳು, ಪಂಚಾಯತ್ ಕಚೇರಿಯಲ್ಲಿ ಮಲಯಾಳ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದನ್ನು ಅವನಷ್ಟು ತಿಳಿದವರಿಲ್ಲ.

ಈಗ ಟಿವಿ ಯಾರಿಗೂ ಬೇಡ, ಎಲ್ಲರಿಗೂ ನೆಟ್ ಬೇಕು. ಬೈಲಿನಲ್ಲಿ ಮೊಬೈಲ್ ಹಿಡಿದು ಗುಡ್ಡ ಹತ್ತಿದರೆ ಅರ್ಧ ದಾರಿಯಲ್ಲಿ ಕರ್ನಾಟಕದ ಟವರು ಸಿಗುತ್ತದೆ, ತುದಿಯಲ್ಲಿ ಕೇರಳದ್ದು, ಮನೆಯೊಳಗೆ ಎರಡೂ ಇಲ್ಲ. ಹೀಗಿರುವಾಗ ಯಾವುದೋ ಕಂಪೆನಿಯ ಜನ ಬೈಕಿನಲ್ಲಿ ಬಂದು, ನಾವು ರಸ್ತೆ ಬದಿಯ ಮನೆಗಳಿಗೆ ಫೈಬರ್ ಕೊಡುತ್ತೇವೆ ಎಂದು ಹೇಳಿ ಹೋದರು. ಕೆಳಗಿನ ಮನೆಗಳಿಗೆ ಎಂದು ಕೇಳಿದರೆ, ನೋಡುವ, ಎಂದರಂತೆ. ನೋಡುವ ಎಂದರೆ ಇಲ್ಲ ಎಂದೇ ಅರ್ಥ, ಅಷ್ಟು ನನಗೂ ಗೊತ್ತು. ರಸ್ತೆ ಬದಿಯವರು ಬಿಟ್ಟುಹೋದರೆ ಕೆಳಗಿನ ನಾಲ್ಕು ಮನೆಗಳನ್ನು ನಂಬಿ ಗುಣಪಾಲನ ಲೈನು ನಡೆಯುವುದಿಲ್ಲ. ಅವನ ಮುಖ ನೋಡಿ ರಸ್ತೆ ಬದಿಯವರು ಒಂದು ಅವಕಾಶ ಕೊಟ್ಟರು: ಮಳೆಗಾಲ ಹಿಡಿಯುವ ಮೊದಲು ಇಡೀ ಬೈಲಿಗೆ ನೆಟ್ ಬಂದರೆ ನಾವು ನಿನ್ನ ಜತೆಗೇ, ಇಲ್ಲದಿದ್ದರೆ ಕಂಪೆನಿಗೆ. ಸಾಮಾನಿನ ಹಣಕ್ಕಾಗಿ ಗುಣಪಾಲ ತನ್ನ ಜೀಪು ಮಾರಿದ. ಒಮ್ಮೆ ತಪ್ಪು ಸಾಮಾನು ತಂದರೆ ಇನ್ನೊಮ್ಮೆ ತರಲು ಮಾರುವಂಥದ್ದು ಅವನಲ್ಲಿ ಏನೂ ಉಳಿದಿರಲಿಲ್ಲ.

ಮಂಗಳೂರಿನ ಅಂಗಡಿಯಲ್ಲಿ ತೃಷಾ ಎಂಬ ಹುಡುಗಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಮುಗಿಯುವ ಮೊದಲೇ ನನ್ನ ತಲೆ ಕೆಟ್ಟಿತು. ಮೂಲ ವಿಷಯ ಏನೋ ಅರ್ಥವಾಯಿತು. ಗುಣಪಾಲನ ಮನೆಯಲ್ಲಿ ಒಂದು ಯಂತ್ರ ಬೆಳಕನ್ನು ಕಳಿಸುತ್ತದೆ. ಕೇಬಲಿನ ಒಳಗೆ ಕೂದಲಿನಷ್ಟು ಸಪೂರದ ಗಾಜಿನ ಎಳೆಯಲ್ಲಿ ಅದು ಹೋಗುತ್ತದೆ. ದಾರಿಯಲ್ಲಿ ಸಣ್ಣ ಪೆಟ್ಟಿಗೆಗಳು ಬೆಳಕನ್ನು ಪಾಲು ಮಾಡುತ್ತವೆ. ಮನೆಮನೆಗೂ ಒಂದು ಡಬ್ಬಿ, ಅದರಲ್ಲಿ ಹಸಿರು ದೀಪ ಹತ್ತಿದರೆ ಬಂತು, ಕೆಂಪಾದರೆ ಇಲ್ಲ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಎರಡು ಎಳೆಯದ್ದು ಬೇಕಾ, ನಾಲ್ಕು ಎಳೆಯದ್ದಾ? ಯಂತ್ರ ಸಣ್ಣದ್ದಾ, ದೊಡ್ಡದಾ? ಪಾಲು ಮಾಡುವುದು ಒಂದೇ ಕಡೆಯಲ್ಲಾ, ಎರಡು ಕಡೆಯಲ್ಲಾ? ಯಾವುದು ಒಳ್ಳೆಯದು ಎಂದು ಕೇಳಿದರೆ, ಅದು ನಿಮ್ಮ ರಿಕ್ವೈರ್‌ಮೆಂಟ್ ಮೇಲೆ ಹೋಗುತ್ತದೆ ಮೇಡಂ ಎಂಬ ಒಂದೇ ಪಾಠ.

"ನಮ್ಮ ರಿಕ್ವೈರ್‌ಮೆಂಟ್ ಎಂತ ಅಂತ ನಮಗೇ ಗೊತ್ತಿದ್ದರೆ ನಿನ್ನಲ್ಲಿ ಕೇಳಲಿಕ್ಕೆ ಬರ್ತಿದ್ದೆವಾ?" ಎಂದೆ. ಪಾಪ, ಅವಳು ಇನ್ನೊಂದು ಲೋಟ ಮಜ್ಜಿಗೆ ತರಿಸಿದಳು.

ನಡುವೆ ಅವಳು, ಕೇಬಲನ್ನು ಮರಕ್ಕೆ ಸಿಕ್ಕಿಸುವ ಕೊಕ್ಕೆಗಳು ಬೇಕಾ ಎಂದು ಕೇಳಿದಳು. ಆ ಇಡೀ ಹೊತ್ತಿನಲ್ಲಿ ಗುಣಪಾಲ ಯೋಚಿಸದೆ ಉತ್ತರ ಕೊಟ್ಟದ್ದು ಅದೊಂದಕ್ಕೆ. ಬೇಡ, ಕಟ್ಟುವ ಕೆಲಸ ನನಗೆ ಬಿಡಿ ಎಂದ. ನನಗೂ ಸಮಾಧಾನವಾಯಿತು, ಒಂದು ಖರ್ಚಾದರೂ ಉಳಿಯಿತಲ್ಲ ಎಂದು.

ಆಮೇಲೆ ಬಂತು ಕಬ್ಬಿಣದ ಸಮಸ್ಯೆ. ಒಳಗೆ ಉಕ್ಕಿನ ತಂತಿ ಇರುವ ಕೇಬಲ್ ಗಟ್ಟಿ, ಅಳಿಲು ಕಚ್ಚಿದರೆ ಅದರ ಹಲ್ಲೇ ಹೋಗುತ್ತದೆ ಎಂದು ತೃಷಾ ಹೇಳಿದಳು. ಯಾವುದಕ್ಕೂ ಇರಲಿ ಎಂದು ಮರುದಿನ ಕಾಸರಗೋಡಿನ ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿಯ ಯಜಮಾನರು ಮಲಯಾಳದಲ್ಲಿ ನಮ್ಮನ್ನು ಬೈಯುವುದೊಂದು ಬಾಕಿ. ಮಳೆಗಾಲ ಮುಗಿಯುವ ಹೊತ್ತಿನ ತುಲಾ ಮಾಸದ ಸಿಡಿಲು ನಿಮ್ಮ ಕಡೆ ಬೀಳುವುದಿಲ್ಲವೇ, ಉಕ್ಕಿನ ತಂತಿ ಹಿಡಿದುಕೊಂಡು ಅದು ಸೀದಾ ಮನೆಯೊಳಗೆ ಬರುತ್ತದೆ, ಉಕ್ಕಿಲ್ಲದ್ದೇ ಬೇಕು ಎಂದರು. ಹಾಗಾದರೆ ಅಳಿಲು? ಅಳಿಲು ಕಚ್ಚುತ್ತದೆ, ಅದಕ್ಕೇನು ಮಾಡುವುದು ಎಂದು ಅವರೇ ಒಪ್ಪಿಕೊಂಡರು. ಇಬ್ಬರು ಹೇಳಿದ್ದೂ ಸರಿ. ಇಬ್ಬರೂ ಸರಿಯಾದರೆ ನಾವು ಯಾವ ಬಾವಿಗೆ ಬೀಳುವುದು?

ಬಸ್ಸಿನಲ್ಲಿ, ಯಾವುದನ್ನು ತರುವುದೆಂದು ಗುಣಪಾಲ ನನ್ನನ್ನು ಕೇಳಿದ, ನಾನು ಅವನನ್ನು ಕೇಳಿದೆ. ಅವನ ಮನೆಗೆ ಬಂದಾಗ ಅವನ ಹೆಂಡತಿ ದಮಯಂತಿ ಬೀಡಿ ಕಟ್ಟುತ್ತಿದ್ದಳು. ನೀವೂ ನಿಮ್ಮ ಟೀಚರೂ ಸೇರಿ ಎರಡು ದಿನದಲ್ಲಿ ಒಂದು ವಯರು ಆರಿಸಲಿಕ್ಕೆ ಆಗಲಿಲ್ಲವಾ, ಇಷ್ಟು ಹೊತ್ತಿನಲ್ಲಿ ನಾನು ಮೂರು ಮದುವೆಯ ಸೀರೆ ಆರಿಸುತ್ತಿದ್ದೆ ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಗುಣಪಾಲ ನಗಲಿಲ್ಲ. ಹಿಂದೊಮ್ಮೆ ಸಿಡಿಲು ಬಡಿದು ಬೈಲಿನ ಅರ್ಧ ಟಿವಿಗಳು ಸುಟ್ಟದ್ದು, ಮನೆಮನೆಗೆ ಹೋಗಿ ತಾನು ತಲೆ ತಗ್ಗಿಸಿ ನಿಂತದ್ದು ಅವನಿಗೆ ನೆನಪಾಯಿತು. ಅಳಿಲು ಕಚ್ಚಿದರೆ ನನ್ನ ವಯರು ಹೋಗುತ್ತದೆ, ಸಿಡಿಲಾದರೆ ಜನರ ಸಾಮಾನು ಎಂದು ಹೇಳಿ ಉಕ್ಕಿಲ್ಲದ್ದನ್ನೇ ತಂದ.

ಎಳೆದದ್ದೂ ಅವನೊಬ್ಬನೇ. ಬೈಲಿನ ತುದಿಯ ಮನೆಯ ಕೂಸಪ್ಪ ಅಡಿಕೆ ಕೊಯ್ಯುವವನು, ಮರ ಹತ್ತುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅವನು ಸಹಾಯಕ್ಕೆ ಬರುತ್ತೇನೆ ಎಂದರೂ ಗುಣಪಾಲ ಬಿಡಲಿಲ್ಲ. ತನ್ನ ಲೈನಿಗೆ ಬೇರೆಯವರು ಕೈ ಹಾಕುವುದು ಅವನಿಗೆ ಯಾವತ್ತೂ ಆಗದು. ಒಂದೊಂದು ಮರಕ್ಕೂ ಒಂದು ಸುತ್ತು, ಮೇಲೊಂದು ಗಂಟು, ಎರಡು ಮರಗಳ ನಡುವೆ ವಯರು ದಾರ ಹಿಡಿದು ಗೆರೆ ಎಳೆದ ಹಾಗೆ ನೇರ. ನೋಡಲಿಕ್ಕೆ ಚೆಂದವೇ ಚೆಂದ. ಯಂತ್ರ ಚಾಲೂ ಮಾಡಿದ ದಿನ, ಲೈನು ಮೊದಲು ಮುಟ್ಟುವ ರಸ್ತೆ ಬದಿಯ ಮನೆಗಳಲ್ಲಿ ಹಸಿರು ದೀಪ ಹತ್ತಿತು. ನನ್ನ ಮನೆಯಲ್ಲಿ ಕೆಂಪು. ನನ್ನಿಂದ ಕೆಳಗೆ ಕೂಸಪ್ಪನ ಮನೆಯ ತನಕ ಎಲ್ಲ ಕೆಂಪೇ ಕೆಂಪು.

ಅಯ್ಯೋ ದೇವರೇ, ಆ ದಿನಗಳು ಯಾರಿಗೂ ಬೇಡ. ಎಷ್ಟೊಂದು ವಿಷಯಗಳನ್ನು ಆರಿಸಿದ್ದೆವೋ ಅಷ್ಟರ ಮೇಲೂ ಸಂಶಯ. ಎಳೆ ನಾಲ್ಕು ಬೇಕಿತ್ತೋ ಏನೋ. ಯಂತ್ರ ಸಣ್ಣದಾಯಿತೋ ಏನೋ. ಕಡಿಮೆ ಬೆಲೆಯ ಡಬ್ಬಿ ತೆಗೆದುಕೊಳ್ಳಿ ಎಂದವಳು ನಾನೇ, ಅದಕ್ಕೇ ಹೀಗಾಯಿತೋ ಏನೋ. ತೃಷಾಳಿಗೆ ಫೋನ್ ಮಾಡಲು ಗುಡ್ಡ ಹತ್ತಿದೆ. ಪವರ್ ಎಷ್ಟು ಬರುತ್ತದೆ ಎಂದು ಕೇಳಿದಳು. ಕರೆಂಟು ಉಂಟು ಎಂದೆ. ಕರೆಂಟಲ್ಲ ಮೇಡಂ, ಬೆಳಕು ಎಷ್ಟು ಬರುತ್ತದೆ, ಮೀಟರ್ ಇಟ್ಟು ನೋಡಬೇಕು ಎಂದಳು. ಮೀಟರು ನಾವು ತಂದಿರಲೇ ಇಲ್ಲ. ಬೆಳಕನ್ನು ಅಳೆಯುವುದುಂಟೆಂದು ಯಾರಿಗೆ ಗೊತ್ತು?

ಗುಣಪಾಲ ಊಟ ಬಿಟ್ಟ. ರಸ್ತೆ ಬದಿಯವರು ಆಕಾಶ ನೋಡಲು ಸುರು ಮಾಡಿದರು. ಪಡುವಣದಲ್ಲಿ ಸಂಜೆ ಹೊತ್ತು ಮೋಡ ಕಟ್ಟುತ್ತಿತ್ತು. ಒಂದು ದಿನ ಅವನು ನನ್ನ ಮೆಟ್ಟಿಲಲ್ಲಿ ಕೂತು, ತನಗೆ ಈ ಒಂದು ಕೆಲಸ ಬಿಟ್ಟು ಬೇರೆ ಏನೂ ಬಾರದು, ಈ ಪ್ರಾಯದಲ್ಲಿ ಯಾರು ತನಗೆ ಕೆಲಸ ಕೊಡುತ್ತಾರೆ ಎಂದು ಕೇಳಿದ. ನಾನು ಎದ್ದು ಒಳಗೆ ಹೋದೆ. ಚಾ ಮಾಡಿ ಕೊಟ್ಟೆ.

ತೃಷಾಳೇ ಉಪ್ಪಳದ ಧನರಾಜ್ ಎಂಬವನ ನಂಬರು ಕೊಟ್ಟಳು. ಫೈಬರ್ ಜೋಡಿಸುವುದೇ ಅವನ ಕೆಲಸ. ಅವನು ಮೀಟರು, ಚೀಲ ಎಲ್ಲ ಹಿಡಿದು ಬಂದು, ಮೊದಲು ಯಂತ್ರ ನೋಡಿದ. ಸರಿಯಿದೆ ಎಂದ. ಡಬ್ಬಿ ನೋಡಿದ, ಸರಿಯಿದೆ. ಪಾಲು ಪೆಟ್ಟಿಗೆ ಸರಿ, ಕೇಬಲೂ ಒಳ್ಳೆಯದೇ ತಂದಿದ್ದೀರಿ ಎಂದ. ಎಲ್ಲ ಸರಿ ಇದ್ದರೆ ಮತ್ತೆ ನಮ್ಮ ಗ್ರಹಚಾರ ಎಂಥದ್ದು ಮಾರಾಯ ಎಂದು ನಾನು ಬೊಬ್ಬೆ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಅವನು ನಮ್ಮ ತೋಟದ ಒಂದು ಕಂಗಿನ ಬುಡದಲ್ಲಿ ನಿಂತು ಮೇಲೆ ನೋಡಿದ.

"ಈ ಗಂಟು ಯಾರು ಹಾಕಿದ್ದು?"

"ನಾನೇ. ಎಲ್ಲ ಮರಕ್ಕೂ ನಾನೇ," ಎಂದ ಗುಣಪಾಲ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಅವನ ದನಿಯಲ್ಲಿ ಸ್ವಲ್ಪ ಜೀವ ಇತ್ತು.

ಧನರಾಜ್ ಮೀಟರನ್ನು ಚೀಲಕ್ಕೆ ಹಾಕಿದ, ಮತ್ತೆ ಹೊರಗೆ ತೆಗೆದ. ಒಳ್ಳೆಯ ಹುಡುಗ, ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಿರಬೇಕು. ಗಾಜಿನ ಎಳೆ ನೇರ ಇದ್ದಷ್ಟೂ ಬೆಳಕು ಒಳಗೆ ಇರುತ್ತದೆ, ಗಂಟಿನಲ್ಲಿ ಮಡಚಿದರೆ ಅಲ್ಲಿ ಸೋರಿ ಹೋಗುತ್ತದೆ ಎಂದು ಮೆಲ್ಲಗೆ ಬಿಡಿಸಿ ಹೇಳಿದ. ಒಂದೊಂದು ಗಂಟಿನಲ್ಲೂ ಸ್ವಲ್ಪ ಸ್ವಲ್ಪ ಕಳೆದು, ನನ್ನ ಮನೆಗೆ ಮುಟ್ಟುವಾಗ ಏನೂ ಉಳಿದಿರಲಿಲ್ಲ. ತಾಮ್ರದ ವಯರಿಗೆ ಗಂಟು ಬಿದ್ದರೂ ನಡೆಯುತ್ತದೆ, ಇದಕ್ಕೆ ನಡೆಯದು. ಇದನ್ನು ಕಟ್ಟಬಾರದು, ಕೊಕ್ಕೆಗೆ ಸಿಕ್ಕಿಸಿ ತೂಗಲು ಬಿಡಬೇಕು.

ಗುಣಪಾಲನಿಗೆ ಅರ್ಥವೇ ಆಗಲಿಲ್ಲ. ಬಿಗಿ ಕಟ್ಟದಿದ್ದರೆ ಗಾಳಿಗೆ ಬೀಳುವುದಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದ. ಅವನು ಧನರಾಜನ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ತನ್ನ ಕೈಗಳನ್ನೇ ನೋಡಿಕೊಂಡ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ನಾವು ತಲೆ ಕೆಡಿಸಿಕೊಂಡು ಆರಿಸಿದ್ದೆಲ್ಲ ಸರಿಯಾಗಿತ್ತು.

ಮೋಡ ಕಾಯುವುದಿಲ್ಲ. ಧನರಾಜ್ ಕೊಕ್ಕೆ ತರಿಸಿದ. ಇಷ್ಟು ಗಂಟುಗಳನ್ನು ಒಬ್ಬನಿಂದ ಬಿಚ್ಚಲು ಮಳೆಗೆ ಮೊದಲು ಸಾಧ್ಯವಿಲ್ಲ ಎಂದು ಗುಣಪಾಲನಿಗೇ ಗೊತ್ತಾಯಿತು. ಅವನೇ ಕೂಸಪ್ಪನ ಮನೆಗೆ ಹೋಗಿ ಕರೆದ. ಸುದ್ದಿ ಹಬ್ಬಿ ಅವರವರ ತೋಟದಲ್ಲಿ ಅವರವರೇ ಏಣಿ ಇಟ್ಟರು. ನಾನು ಸಹ ನಮ್ಮ ಹಲಸಿನ ಗಂಟಿಗೆ ಕೈ ಹಾಕಿದೆ. ಉಗುರು ಮುರಿಯಿತೇ ಹೊರತು ಗಂಟು ಅಲುಗಲಿಲ್ಲ. ಆಹಾ, ಏನು ಗಂಟು ಅದು! ಕಣ್ಣಿಗೆ ನೀರು ಬರುವಷ್ಟು ಸಿಟ್ಟು ಬಂತು, ಅದು ಸಿಟ್ಟೇ ಎಂದು ಆಗ ಅಂದುಕೊಂಡೆ. ಎರಡು ಕಡೆ ಒಳಗಿನ ಗಾಜು ಮುರಿದಿತ್ತು, ಧನರಾಜ್ ಅದನ್ನು ಜೋಡಿಸಿದ. ನನ್ನ ಮನೆಗೆ ಹಸಿರು ಬಂತು. ಅಲ್ಲಿಂದ ಕೆಳಗೆ ಒಂದೊಂದಾಗಿ ಹಸಿರಾಗುತ್ತಾ ಹೋಯಿತು.

ಕೊನೆಗೆ ಉಳಿದದ್ದು ಕೂಸಪ್ಪನ ಅಂಗಳದ ಕಂಗು. ಅವನು ಮೇಲೆ ಕೂತು ಹೆಣಗಿದ, ಆಗಲಿಲ್ಲ. ಕತ್ತಿ ತೆಗೆದು, ವಯರನ್ನೇ ಕಡಿಯುತ್ತೇನೆ, ಧನರಾಜ್ ಜೋಡಿಸಲಿ ಎಂದ. ಧನರಾಜನೂ ಆಗಬಹುದು ಎಂದ. ಗುಣಪಾಲ ಬೇಡ ಎಂದು ಕೈಸನ್ನೆ ಮಾಡಿದ. ಕೂಸಪ್ಪನನ್ನು ಇಳಿಸಿ, ಏಣಿ ಒರಗಿಸಿ ತಾನೇ ಹತ್ತಿದ. ಅಷ್ಟು ಬಿಗಿದ ಗಂಟು ಅವನ ಬೆರಳು ತಾಗಿದ್ದೇ ತಡ, ಬಿಚ್ಚಿಕೊಂಡಿತು. ಒಳಗಿನಿಂದ ಕೂಸಪ್ಪನ ಹೆಂಡತಿ, ಬಂತು, ಹಸಿರು ಬಂತು ಎಂದು ಕರೆದಳು. ರಸ್ತೆ ಬದಿಯಿಂದ ಬಂದು ನಿಂತಿದ್ದವರು, ಕಂಪೆನಿಯವರು ಇನ್ನು ಬೇಡ, ನಾವು ನಿನ್ನ ಜತೆಗೇ ಗುಣಪಾಲ ಎಂದರು. ಒಬ್ಬರು ಅವನ ಬೆನ್ನು ತಟ್ಟಿದರು.

ಅವನು ತಲೆ ಅಲ್ಲಾಡಿಸಿದ, ಆದರೆ ಕೇಳಿಸಿಕೊಂಡ ಹಾಗಿರಲಿಲ್ಲ. ಅಂಗಳದ ನಡುವೆ ನಿಂತು, ಕೊಕ್ಕೆಗಳಲ್ಲಿ ಜೋಲಾಡುತ್ತಿದ್ದ ವಯರನ್ನು ಈ ತುದಿಯಿಂದ ಆ ತುದಿಯ ತನಕ ನೋಡುತ್ತಿದ್ದ. ಗೆರೆ ಎಳೆದ ಹಾಗೆ ನೇರ ಇದ್ದ ಇಡೀ ಲೈನು ಗಾಳಿ ಬಂದಾಗ ಅತ್ತಿತ್ತ ಓಲಾಡಿತು.

"ಟೀಚರೇ," ಎಂದ, "ಇದನ್ನು ನಾನು ಎಳೆದದ್ದು ಅಂತ ಯಾರಿಗೂ ಹೇಳಬೇಡಿ."

ಮೊದಲ ಹನಿ ಬೀಳುವಾಗಲೂ ಅವನು ಅಲ್ಲೇ ನಿಂತಿದ್ದ. ದಮಯಂತಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು.