ಖಾಲಿ ಪೊಟ್ಟಣದ ತಾಕುಗಳು

ಗಾಳಿ ಏಳುವ ಮುನ್ನ ಕೆಲಸ ಮುಗಿಯಬೇಕು. ತಡವಾದರೆ ಒಂದು ತಾಕಿನ ಗೊಬ್ಬರ ಪಕ್ಕದ ತಾಕಿಗೆ ಹಾರುತ್ತದೆ. ಹಾಗಾಗಿ ಬಿತ್ತನೆಯ ದಿನ ಬೆಳಗಿನ ಐದೂವರೆಗೇ ತೂಕದಕ್ಕ ಸಂಶೋಧನಾ ಹೊಲದ ಬದುವಿನ ಮೇಲಿದ್ದಾರೆ. ಬುಟ್ಟಿಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು, ಬಿಚ್ಚಿ, ತಾಕಿನ ಮೇಲೆ ಕೊಡವುತ್ತಾರೆ. ಏನೂ ಬೀಳುವುದಿಲ್ಲ. ಪೊಟ್ಟಣ ಖಾಲಿ. ಅದನ್ನು ಮಡಚಿ ಸೊಂಟದ ಚೀಲಕ್ಕೆ ಸೇರಿಸಿ ಮುಂದಿನ ತಾಕಿಗೆ ನಡೆಯುತ್ತಾರೆ.

"ಅತ್ತಿಗೆ, ಅಷ್ಟು ಜೋರಾಗಿ ಕೊಡವಬೇಡಿ, ಗಾಳಿ ಉದುರೀತು," ಸಾಲಿನ ಹಗ್ಗ ಹಿಡಿದ ನಾದಿನಿ ನಗುತ್ತಾರೆ.

"ನೀನು ಹಗ್ಗ ನೆಟ್ಟಗೆ ಹಿಡಿಯಮ್ಮ. ಹೋದ ವರ್ಷ ನಿನ್ನ ಸಾಲು ಹಾವು ಹರಿದಂಗಿತ್ತು."

ಹೊಲದಲ್ಲಿ ಮೂವತ್ತಾರು ತಾಕುಗಳಿವೆ. ಕೆಲವಕ್ಕೆ ಬರೀ ಮುಸುಕಿನ ಜೋಳ, ಕೆಲವಕ್ಕೆ ಬರೀ ಅಲಸಂದೆ, ಉಳಿದವಕ್ಕೆ ಎರಡು ಸಾಲು ಜೋಳದ ನಡುವೆ ಒಂದು ಸಾಲು ಅಲಸಂದೆ. ಪೊಟ್ಯಾಷ್ ಗೊಬ್ಬರ ಕೆಲವಕ್ಕೆ ನೂರಿಪ್ಪತ್ತು ಗ್ರಾಂ, ಕೆಲವಕ್ಕೆ ಅದರ ಎರಡರಷ್ಟು, ಕೆಲವಕ್ಕೆ ಮೂರರಷ್ಟು. ಪ್ರಯೋಗ ಶುರುವಾದಾಗ ಒಂಬತ್ತು ತಾಕಿಗೆ ಸೊನ್ನೆ. ಹತ್ತೊಂಬತ್ತು ವರ್ಷದಿಂದ ಅದೇ ತಾಕಿಗೆ ಅದೇ ಅಳತೆ. ಗೊಬ್ಬರ ತೂಗುವವರೂ ಕೊಯ್ಲಿನ ಕಾಳು ತೂಗುವವರೂ ತೂಕದಕ್ಕನೇ.

"ಒಳ್ಳೆ ವರ್ಷದಲ್ಲಿ ಯಾವ ತಾಕಾದ್ರೂ ಬೆಳೆಯುತ್ತೆ. ಕೆಟ್ಟ ವರ್ಷದಲ್ಲಿ ಯಾವುದು ಕೈಕೊಡಲ್ಲ ಅಂತ ನೋಡೋಕೆ ಇಷ್ಟೆಲ್ಲ ಪಾಡು," ಎನ್ನುತ್ತಾರೆ.

ಓದಿದ್ದು ಆರನೇ ತರಗತಿ. ಸೈಕಲ್ ರಿಪೇರಿ ಮಾಡುವ ಗಂಡನಿಗೆ ಒಂದೇ ದೂರು: "ಹೊಲದಲ್ಲಿ ಗ್ರಾಂ ಲೆಕ್ಕ, ಮನೇಲಿ ಉಪ್ಪು ಮಾತ್ರ ಕಣ್ಣಳತೆ. ದಿನಕ್ಕೊಂದು ರುಚಿ!"

ಈ ಕೈ ತಪ್ಪಿದ್ದು ಒಮ್ಮೆ ಮಾತ್ರ, ಹನ್ನೊಂದನೇ ವರ್ಷ. ಆ ಸಲ ಮಳೆ ನಡುವೆಯೇ ನಿಂತಿತು. ಸೊನ್ನೆ ತಾಕುಗಳಲ್ಲಿ ಜೋಳದ ಕೆಳಗಿನ ಎಲೆಗಳ ಅಂಚು ಸುಟ್ಟ ಕಾಗದದಂತಾಯಿತು. ಹದಿನೇಳನೇ ತಾಕಿನ ದಂಟುಗಳಂತೂ ಒಂದರ ಮೇಲೊಂದು ವಾಲಿದವು. "ಗೊಬ್ಬರದ ಡಬ್ಬ ಮಡಿಲಲ್ಲಿಟ್ಕೊಂಡು ಹಸಿದ ಮಗೂನ ನೋಡ್ತಾ ಕೂತಂಗಾಯ್ತು. ಯಾರೂ ಇಲ್ದಾಗ ಮೂರು ಹಿಡಿ ಹಾಕಿಬಿಟ್ಟೆ."

ಕೊಯ್ಲಿನಲ್ಲಿ ಹದಿನೇಳರ ಕಾಳು ಗೊಬ್ಬರ ಉಂಡ ತಾಕಿನಷ್ಟೇ ತೂಗಿತು. ಪ್ರಯೋಗ ನಡೆಸುವ ಮೇಡಂ ಮೂರು ಸಲ ತೂಗಿಸಿ, ತಕ್ಕಡಿಯೇ ಕೆಟ್ಟಿದೆ ಎಂದುಕೊಂಡರು. ತಕ್ಕಡಿ ಕೆಟ್ಟಿದ್ದರೆ ಮೂವತ್ತಾರು ತಾಕಿನ ತೂಕವೂ ಕಸದ ಬುಟ್ಟಿಗೆ. ಹತ್ತು ವರ್ಷ ಕಾದ ಮೇಲೆ ಸಿಕ್ಕ ಮೊದಲ ಕೆಟ್ಟ ವರ್ಷ ಅದು. ಇಡೀ ಪ್ರಯೋಗದ ಉತ್ತರ ಅದರಲ್ಲೇ ಇತ್ತು. ತಕ್ಕಡಿ ರಿಪೇರಿಗೆ ಬಂದವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಾಗ ತೂಕದಕ್ಕನಿಗೆ ತಡೆಯಲಾಗಲಿಲ್ಲ.

"ಮೇಡಂ, ತಕ್ಕಡಿ ಸರಿಯಾಗೇ ಇದೆ. ತಪ್ಪಿದ್ದು ನನ್ನ ಕೈ."

ಮೇಡಂ ಗೊಬ್ಬರದ ಡಬ್ಬ ತರಿಸಿದರು. "ಅವತ್ತು ಹಾಕಿದಷ್ಟೇ ಹಿಡಿ ತುಂಬಿ ಈ ತಕ್ಕಡಿ ಮೇಲೆ ಹಾಕಿ." ಮೂರು ಹಿಡಿ, ಇನ್ನೂರಹದಿನಾರು ಗ್ರಾಂ. ಅಷ್ಟನ್ನೂ ಪುಸ್ತಕದಲ್ಲಿ ಬರೆದು, ಹದಿನೇಳನ್ನು ಶಾಶ್ವತವಾಗಿ ಹೊಡೆದು ಹಾಕಿದರು. ಉಳಿದ ಮೂವತ್ತೈದು ಬದುಕಿದವು. ಬರೀ ಜೋಳವಿದ್ದ ಸೊನ್ನೆ ತಾಕುಗಳ ಇಳುವರಿ ಆ ವರ್ಷ ಅರ್ಧಕ್ಕೆ ಕುಸಿದಿತ್ತು; ಅಲಸಂದೆಯ ಜೊತೆಗೂಡಿ ಮೂರರಷ್ಟು ಪೊಟ್ಯಾಷ್ ಪಡೆದ ಜೋಳ ಎಲ್ಲಕ್ಕಿಂತ ಕಡಿಮೆ ಕುಸಿದಿತ್ತು.

ತೂಕದಕ್ಕನ ಕೆಲಸ ಉಳಿಯಿತು. ಜೊತೆಗೆ ಒಂದು ಹೊಸ ನಿಯಮ ಬಂತು: ಸೊನ್ನೆ ತಾಕಿಗೂ ನಂಬರ್ ಬರೆದ ಖಾಲಿ ಪೊಟ್ಟಣ, ಮುಗಿದ ಮೇಲೆ ಮೂವತ್ತೈದು ಕಾಗದವೂ ವಾಪಸ್ಸು. "ಇದು ಮೇಡಂ ಮಾಡಿದ್ದಲ್ಲ, ನಾನೇ ಕೇಳಿದ್ದು," ಎನ್ನುತ್ತಾರೆ ಅವರು.

ಬಿಸಿಲು ಬರುವ ಹೊತ್ತಿಗೆ ಬದುವಿನ ಮೇಲೆ ಕೂತು ಕಾಗದ ಎಣಿಸುತ್ತಾರೆ. ಮುಂದಿನ ವರ್ಷದ ಕೊಯ್ಲಿಗೆ ಪ್ರಯೋಗ ಮುಗಿಯುತ್ತದೆ.

"ಆಮೇಲೆ ಮೇಡಂನ ಕೇಳಿ ಆ ಎಂಟು ಸೊನ್ನೆ ತಾಕಿಗೂ ಹೊಟ್ಟೆ ತುಂಬ ಹಾಕ್ಬೇಕು, ತೂಗದೇನೇ," ಎನ್ನುತ್ತಾ ಮೂವತ್ತೈದನೇ ಕಾಗದ ಮಡಚುತ್ತಾರೆ. "ಅಲ್ಲೀವರೆಗೂ ಒಂದು ಹರಳೂ ಇಲ್ಲ."